ತಾಯಿಯ ಒಡಲು ಮತ್ತು ಹಸಿವಿನ ಚಳಿಗಾಲ

ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಇತಿಹಾಸ ನನ್ನ ವಿಷಯವಲ್ಲ. ಆದರೂ ಒಮ್ಮೆ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದಾಗ ಹತ್ತನೆಯ ತರಗತಿಗೆ ಎರಡನೆಯ ಮಹಾಯುದ್ಧದ ಪಾಠ ಮಾಡುವ ಸಂದರ್ಭ ನನಗೆ ಒದಗಿತು. ಯುದ್ಧದ ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಕಪ್ಪು ಹಲಗೆಯ ಮೇಲೆ ಬರೆದು, ಕೊನೆಯಲ್ಲಿ "1945ರಲ್ಲಿ ಯುದ್ಧ ಮುಗಿಯಿತು" ಎಂದು ಹೇಳಿ ಪಾಠ ಮುಗಿಸಿದೆ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಅಷ್ಟು ಜನಕ್ಕೆ ಅಷ್ಟು ಕಷ್ಟ ಆಗಿದೆ. ಅದೆಲ್ಲ ಅದೇ ವರ್ಷ ಮುಗಿದುಹೋಯ್ತಾ?" ಎಂದು ಕೇಳಿದಳು. ಆ ದಿನ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಆ ಪ್ರಶ್ನೆ ಮಾತ್ರ ನನ್ನೊಂದಿಗೆ ಮನೆಗೆ ಬಂತು. ಉತ್ತರ ಹುಡುಕುತ್ತಾ ಹೋದಾಗ ಅದು ನನ್ನನ್ನು ಯುದ್ಧಭೂಮಿಗೆ ಕರೆದೊಯ್ಯಲಿಲ್ಲ. ಹೆರಿಗೆ ಆಸ್ಪತ್ರೆಯೊಂದರ ಹಳೆಯ ದಾಖಲೆಗಳ ಬಳಿಗೆ ಕರೆದೊಯ್ದಿತು. ಅಲ್ಲಿ ತಿಳಿದ ವಿಷಯವನ್ನು ನಮ್ಮ ಸಂಸ್ಥೆಯ ಸದಸ್ಯರೊಂದಿಗೆ, ವಿದ್ಯಾರ್ಥಿಗಳೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಹಿರಿಯರ ನಂಬಿಕೆ

ಗರ್ಭಿಣಿಯ ಊಟ, ನಡೆ, ನುಡಿ, ನೋಟ ಎಲ್ಲವೂ ಹೊಟ್ಟೆಯೊಳಗಿನ ಮಗುವಿಗೆ ತಾಗುತ್ತದೆ ಎಂಬ ನಂಬಿಕೆ ಎಲ್ಲ ಸಮಾಜಗಳಲ್ಲೂ ಇದೆ. ಸುಭದ್ರೆಯ ಗರ್ಭದಲ್ಲಿದ್ದಾಗಲೇ ಅಭಿಮನ್ಯು ಚಕ್ರವ್ಯೂಹವನ್ನು ಭೇದಿಸುವ ಕಥೆ ಕೇಳಿಸಿಕೊಂಡನೆಂಬುದನ್ನು ನಮ್ಮ ನಾಡಿನ ಮಕ್ಕಳೆಲ್ಲರೂ ಬಲ್ಲರು. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬರಬಾರದು, ಕತ್ತರಿ ಹಿಡಿಯಬಾರದು, ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆ ಎಂಬ ಮಾತುಗಳನ್ನು ನಮ್ಮ ಮನೆಗಳಲ್ಲೂ ಕೇಳಿದ್ದೇವೆ. ನನ್ನ ನಾನಿ ಅಮ್ಮ ಗರ್ಭಿಣಿಯರ ಮುಂದೆ ಸಾವಿನ ಸುದ್ದಿಯನ್ನು ಗಟ್ಟಿಯಾಗಿ ಹೇಳಲು ಬಿಡುತ್ತಿರಲಿಲ್ಲ.

ಈ ನಂಬಿಕೆಗಳಲ್ಲಿ ಕೆಲವು ಬರೀ ಭಯದಿಂದ ಹುಟ್ಟಿದವು. ಗ್ರಹಣದಿಂದ ಮಗುವಿನ ತುಟಿ ಸೀಳುವುದಿಲ್ಲ, ಕೇಸರಿಯಿಂದ ಮೈಬಣ್ಣ ಬದಲಾಗುವುದಿಲ್ಲ. ಆದರೆ ಈ ಎಲ್ಲ ಮಾತುಗಳ ಹಿಂದೆ ಒಂದು ಮೂಲ ತಿಳುವಳಿಕೆ ಇತ್ತು. ತಾಯಿಯ ಸುತ್ತಲಿನ ಲೋಕ ಹೇಗಿದೆಯೋ ಅದರ ಛಾಯೆ ಮಗುವಿನ ಮೇಲೆ ಬೀಳುತ್ತದೆ ಎಂಬುದೇ ಆ ತಿಳುವಳಿಕೆ. ಆಶ್ಚರ್ಯವೆಂದರೆ, ಆಧುನಿಕ ವೈದ್ಯಶಾಸ್ತ್ರ ಬಹಳ ಕಾಲ ಇದನ್ನು ಪೂರ್ತಿಯಾಗಿ ಒಪ್ಪಿರಲಿಲ್ಲ.

ಗೋಡೆಯೆಂದು ತಿಳಿದಿದ್ದ ಕಾಲ

ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಅನೇಕ ವೈದ್ಯರು ಗರ್ಭದಲ್ಲಿರುವ ಮಗು ಭದ್ರವಾದ ಕೋಟೆಯೊಳಗೆ ಇದೆಯೆಂದು ಭಾವಿಸಿದ್ದರು. ತಾಯಿಯ ರಕ್ತಕ್ಕೂ ಮಗುವಿಗೂ ನಡುವೆ ಇರುವ ಮಾಸು ಒಂದು ಗೋಡೆಯಂತೆ ಕೆಲಸ ಮಾಡಿ, ಕೆಟ್ಟದ್ದನ್ನು ತಡೆದು ಒಳ್ಳೆಯದನ್ನಷ್ಟೇ ಒಳಗೆ ಬಿಡುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು.

ಈ ಗೋಡೆಯಲ್ಲಿ ಬಿರುಕು ಕಂಡವರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ನಗರದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಮುಖ್ಯರು. ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆ ಇರುವ ಎಳೆಗೂಸುಗಳು ಒಂದೇ ಸಮನೆ ತಮ್ಮ ಬಳಿಗೆ ಬರುತ್ತಿರುವುದನ್ನು ಅವರು ಗಮನಿಸಿದರು. ತಾಯಂದಿರ ಮಾತಿಗೆ ಕಿವಿಗೊಟ್ಟಾಗ, ಅವರಲ್ಲಿ ಬಹುತೇಕರಿಗೆ ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಎಂಬ ಸಣ್ಣ ಜ್ವರ, ಮೈಮೇಲೆ ಗಂಧೆ ಬಂದುಹೋಗಿತ್ತೆಂದು ತಿಳಿಯಿತು. 1941ರಲ್ಲಿ ಗ್ರೆಗ್ ಇದನ್ನು ಪ್ರಕಟಿಸಿದಾಗ ಎಲ್ಲರೂ ತಕ್ಷಣ ನಂಬಲಿಲ್ಲ. ತಾಯಿಗೆ ನಾಲ್ಕು ದಿನದಲ್ಲಿ ವಾಸಿಯಾಗುವ ಕಾಯಿಲೆ ಮಗುವಿನ ಕಣ್ಣನ್ನೇ ಕಸಿಯಬಲ್ಲದೆಂದು ಒಪ್ಪುವುದು ಆಗಿನವರಿಗೆ ಕಷ್ಟವಾಗಿತ್ತು.

ಇಪ್ಪತ್ತು ವರ್ಷಗಳ ನಂತರ ಆ ಗೋಡೆ ಪೂರ್ತಿ ಕುಸಿಯಿತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಮಾರುಕಟ್ಟೆಗೆ ಬಂತು. ಬಸುರಿಯರ ವಾಂತಿ, ತಳಮಳಕ್ಕೂ ಅದನ್ನು ಕೊಡಲಾಯಿತು. ಅನೇಕ ದೇಶಗಳಲ್ಲಿ ಕೈಕಾಲುಗಳು ಸರಿಯಾಗಿ ಬೆಳೆಯದ ಮಕ್ಕಳು ಹುಟ್ಟಿದರು. ಅಂಥ ಮಕ್ಕಳ ಸಂಖ್ಯೆ 10,000ಕ್ಕೂ ಹೆಚ್ಚು ಎಂದು ಅಂದಾಜು ಮಾಡಲಾಗಿದೆ. 1961ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಆ ಮಾತ್ರೆಯನ್ನು ಹಿಂತೆಗೆದುಕೊಳ್ಳಲಾಯಿತು. ರೋಗ ಮತ್ತು ಔಷಧ ಗರ್ಭದೊಳಕ್ಕೆ ದಾಟಿಹೋಗುತ್ತವೆ ಎಂಬುದು ಹೀಗೆ ಜಗತ್ತಿಗೆ ಬಹು ದೊಡ್ಡ ಬೆಲೆ ತೆತ್ತು ತಿಳಿಯಿತು.

ಹಾಗಾದರೆ ಹಸಿವು? ತಾಯಿ ಅರೆಹೊಟ್ಟೆಯಲ್ಲಿದ್ದರೆ ಮಗುವಿಗೆ ಏನಾಗುತ್ತದೆ? ಈ ಪ್ರಶ್ನೆಯನ್ನು ಪ್ರಯೋಗ ಮಾಡಿ ನೋಡಲು ಯಾರಿಗೂ ಹಕ್ಕಿಲ್ಲ. ಗರ್ಭಿಣಿಯರನ್ನು ಉಪವಾಸ ಕೆಡವಿ ಪರೀಕ್ಷಿಸುವುದು ಘೋರ ಪಾಪ. ಆದರೆ ಯುದ್ಧ ಎಂಬುದು ಆ ಪಾಪವನ್ನು ಮಾಡಿಬಿಟ್ಟಿತು.

ಹಾಲೆಂಡಿನ ಹಸಿವಿನ ಚಳಿಗಾಲ

1940ರ ಮೇ ತಿಂಗಳಿನಲ್ಲಿ ಹಿಟ್ಲರನ ಸೈನ್ಯ ನೆದರ್ಲೆಂಡ್ಸ್ ದೇಶವನ್ನು ಆಕ್ರಮಿಸಿತು. ನಮ್ಮಲ್ಲಿ ಈ ದೇಶವನ್ನು ಹಾಲೆಂಡ್ ಎಂದೇ ಕರೆಯುವ ರೂಢಿ. 1944ರ ಸೆಪ್ಟೆಂಬರ್ 17ರಂದು ಮಿತ್ರರಾಷ್ಟ್ರಗಳ ಸೈನಿಕರು ಪ್ಯಾರಾಚೂಟಿನಲ್ಲಿ ಇಳಿದು ಅಲ್ಲಿನ ಸೇತುವೆಗಳನ್ನು ವಶಪಡಿಸಿಕೊಳ್ಳಲು ಹೊರಟರು. ಅವರಿಗೆ ಬೆಂಬಲವಾಗಿ, ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಡಚ್ ಸರ್ಕಾರ ರೈಲ್ವೆ ಮುಷ್ಕರಕ್ಕೆ ಕರೆಕೊಟ್ಟಿತು. ಸುಮಾರು 30,000 ರೈಲ್ವೆ ನೌಕರರು ಕೆಲಸ ನಿಲ್ಲಿಸಿದರು. ಆದರೆ ಆರ್ನ್ಹೆಮ್ ಪಟ್ಟಣದ ಸೇತುವೆಯನ್ನು ಹಿಡಿಯಲು ಮಿತ್ರಸೈನ್ಯಕ್ಕೆ ಸಾಧ್ಯವಾಗಲಿಲ್ಲ. ದೇಶದ ದಕ್ಷಿಣ ಭಾಗ ಬಿಡುಗಡೆಯಾಯಿತು. ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್, ಹೇಗ್ ಮುಂತಾದ ನಗರಗಳಿರುವ ಪಶ್ಚಿಮ ಭಾಗ ಜರ್ಮನ್ನರ ಕೈಯಲ್ಲೇ ಉಳಿಯಿತು.

ಮುಷ್ಕರಕ್ಕೆ ಪ್ರತೀಕಾರವಾಗಿ ಜರ್ಮನ್ ಅಧಿಕಾರಿಗಳು ಪಶ್ಚಿಮ ಭಾಗಕ್ಕೆ ಆಹಾರ ಸಾಗಿಸುವುದನ್ನೇ ನಿಷೇಧಿಸಿದರು. ನವೆಂಬರ್ ಮೊದಲಲ್ಲಿ ನಿಷೇಧವನ್ನು ಸ್ವಲ್ಪ ಸಡಿಲಿಸಿ ದೋಣಿಗಳ ಮೂಲಕ ತರಲು ಒಪ್ಪಿದರು. ಆದರೆ ಆ ವರ್ಷ ಕಠಿಣವಾದ ಚಳಿ ಬೇಗನೆ ಬಂದು ಕಾಲುವೆಗಳು ಹೆಪ್ಪುಗಟ್ಟಿದವು. ದೋಣಿಗಳು ನಿಂತಲ್ಲೇ ನಿಂತವು. ಸುಮಾರು 45 ಲಕ್ಷ ಜನ ಈ ಬಲೆಯಲ್ಲಿ ಸಿಕ್ಕಿಕೊಂಡರು.

ಅಲ್ಲಿ ಆಹಾರವನ್ನು ಪಡಿತರ ಚೀಟಿಯ ಮೇಲೆ ಕೊಡಲಾಗುತ್ತಿತ್ತು. 1943ರ ಡಿಸೆಂಬರಿನಲ್ಲಿ ಒಬ್ಬ ವಯಸ್ಕನಿಗೆ ದಿನಕ್ಕೆ ಸುಮಾರು 1800 ಕ್ಯಾಲೊರಿಯಷ್ಟು ಆಹಾರ ಸಿಗುತ್ತಿತ್ತು. 1944ರ ಅಕ್ಟೋಬರಿನಲ್ಲಿ ಅದು 1400ಕ್ಕೆ ಇಳಿಯಿತು. ನವೆಂಬರ್ ಕೊನೆಯಲ್ಲಿ 1000ಕ್ಕಿಂತ ಕೆಳಗೆ ಕುಸಿಯಿತು. ಡಿಸೆಂಬರಿನಿಂದ 1945ರ ಏಪ್ರಿಲ್‌ವರೆಗೆ 400ರಿಂದ 800ರ ನಡುವೆ ತೂಗಾಡಿತು. ಒಬ್ಬ ಗರ್ಭಿಣಿಗೆ ದಿನಕ್ಕೆ 2000ಕ್ಕೂ ಹೆಚ್ಚು ಕ್ಯಾಲೊರಿ ಬೇಕೆಂಬುದನ್ನು ನೆನೆದರೆ ಆ ಹಸಿವಿನ ಅಳತೆ ತಿಳಿಯುತ್ತದೆ. ಬಸುರಿಯರಿಗೆ, ಬಾಣಂತಿಯರಿಗೆ ಹೆಚ್ಚುವರಿ ಪಡಿತರ ಕೊಡಬೇಕೆಂಬ ನಿಯಮವಿತ್ತು. ಆದರೆ ಕ್ಷಾಮ ತೀವ್ರವಾದಾಗ ಕೊಡಲು ಏನೂ ಉಳಿದಿರಲಿಲ್ಲ.

ಜನರು ಸಕ್ಕರೆ ಬೀಟ್ ಗೆಡ್ಡೆಗಳನ್ನೂ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನೂ ಬೇಯಿಸಿ ತಿಂದರು. ಗ್ಯಾಸ್, ವಿದ್ಯುತ್ ನಿಂತುಹೋದವು. ಬೀದಿಯ ಮರಗಳನ್ನು ಕಡಿದರು, ಟ್ರಾಮ್ ಹಳಿಗಳ ನಡುವೆ ಹಾಸಿದ್ದ ಮರದ ತುಂಡುಗಳನ್ನೂ ಕಿತ್ತು ಒಲೆಗೆ ಹಾಕಿದರು. ಹೆಂಗಸರು ಟೈರಿಲ್ಲದ ಸೈಕಲ್ಲುಗಳನ್ನು ತಳ್ಳಿಕೊಂಡು ಹಳ್ಳಿಗಳಿಗೆ ಹೋಗಿ, ಒಡವೆ, ಬಟ್ಟೆಗಳನ್ನು ಕೊಟ್ಟು ಆಲೂಗಡ್ಡೆ ಬೇಡಿ ತಂದರು. ಸುಮಾರು 20,000 ಜನ ಸತ್ತರು. 1945ರ ಏಪ್ರಿಲ್ ಕೊನೆಯಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಬಾಂಬಿನ ಬದಲು ಆಹಾರದ ಮೂಟೆಗಳನ್ನು ಸುರಿಸತೊಡಗಿದವು. ಮೇ 5ರಂದು ಹಾಲೆಂಡ್ ಬಿಡುಗಡೆಯಾಯಿತು. ಜೂನ್ ಹೊತ್ತಿಗೆ ಪಡಿತರ 2000 ಕ್ಯಾಲೊರಿಯನ್ನು ದಾಟಿತು.

ಪಠ್ಯಪುಸ್ತಕದ ಲೆಕ್ಕದಲ್ಲಿ ಕಥೆ ಇಲ್ಲಿಗೆ ಮುಗಿಯಿತು. ಆದರೆ ಆ ಐದಾರು ತಿಂಗಳು ತಾಯಂದಿರ ಒಡಲಲ್ಲಿದ್ದ ಮಕ್ಕಳ ಕಥೆ ಅಲ್ಲಿಂದಲೇ ಆರಂಭವಾಯಿತು.

ದಾಖಲೆಗಳು ಹೇಳಿದ ಮಾತು

ಈ ಕ್ಷಾಮಕ್ಕೆ ಒಂದು ವಿಶೇಷವಿತ್ತು. ಅದು ಥಟ್ಟನೆ ಆರಂಭವಾಗಿ ಥಟ್ಟನೆ ಮುಗಿಯಿತು. ಅದಕ್ಕೆ ಮೊದಲು ಜನರು ತಕ್ಕಮಟ್ಟಿಗೆ ಉಣ್ಣುತ್ತಿದ್ದರು, ನಂತರವೂ ಉಂಡರು. ಮಗು ಹುಟ್ಟಿದ ದಿನಾಂಕ ಗೊತ್ತಿದ್ದರೆ, ಅದು ಗರ್ಭದ ಎಷ್ಟನೆಯ ತಿಂಗಳಲ್ಲಿ ಹಸಿವನ್ನು ಕಂಡಿತೆಂದು ಲೆಕ್ಕ ಹಾಕಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅಂಥ ಸಂಕಟದಲ್ಲೂ ಸೂಲಗಿತ್ತಿಯರು, ದಾದಿಯರು ಮಗುವಿನ ತೂಕವನ್ನು, ತಾಯಿಯ ತೂಕವನ್ನು ತಪ್ಪದೆ ಬರೆದಿಟ್ಟಿದ್ದರು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವೈದ್ಯ ಕ್ಲೆಮೆಂಟ್ ಸ್ಮಿತ್ ಯುದ್ಧದ ನಂತರ ಈ ದಾಖಲೆಗಳನ್ನು ಪರಿಶೀಲಿಸಿದವರಲ್ಲಿ ಮೊದಲಿಗರು. ಗರ್ಭದ ಕೊನೆಯ ತಿಂಗಳುಗಳಲ್ಲಿ ಹಸಿವಿಗೆ ಸಿಕ್ಕ ಮಕ್ಕಳ ತೂಕ ಕಡಿಮೆಯಾಗಿತ್ತೆಂದು 1947ರಲ್ಲಿ ಅವರು ಬರೆದರು. ಈ ಇಳಿಕೆ ಸರಾಸರಿ ಸುಮಾರು 300 ಗ್ರಾಂ ಇತ್ತು. ಇದು ನಿರೀಕ್ಷಿತವೇ. ಕೊನೆಯ ಮೂರು ತಿಂಗಳಲ್ಲಿ ಮಗು ಬೇಗಬೇಗನೆ ತೂಕ ಪಡೆಯುತ್ತದೆ. ಆಗ ಆಹಾರವಿಲ್ಲದಿದ್ದರೆ ಸೊರಗುತ್ತದೆ.

1970ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಜೀನಾ ಸ್ಟೈನ್ ಮತ್ತು ಮರ್ವಿನ್ ಸಸ್ಸರ್ ದಂಪತಿ ಇನ್ನೊಂದು ದಾರಿ ಹಿಡಿದರು. ಹಾಲೆಂಡಿನಲ್ಲಿ ತರುಣರು ಸೈನ್ಯ ಸೇವೆಗಾಗಿ ಸುಮಾರು 19ನೆಯ ವಯಸ್ಸಿನಲ್ಲಿ ವೈದ್ಯಕೀಯ ಮತ್ತು ಬುದ್ಧಿ ಪರೀಕ್ಷೆಗೆ ಒಳಗಾಗಬೇಕಿತ್ತು. ಆ ದಾಖಲೆಗಳನ್ನು ನೋಡಿದಾಗ ಹಸಿವಿನ ಚಳಿಗಾಲದ ಮಕ್ಕಳು ಬುದ್ಧಿ ಪರೀಕ್ಷೆಯಲ್ಲಿ ಹಿಂದೆ ಬಿದ್ದಿರಲಿಲ್ಲ. ಇದು ಸಮಾಧಾನದ ಸಂಗತಿ. ಆದರೆ 1976ರಲ್ಲಿ ಪ್ರಕಟವಾದ ಅಧ್ಯಯನ ವಿಚಿತ್ರವಾದ ಅಂಶವೊಂದನ್ನು ತೋರಿಸಿತು. ಗರ್ಭದ ಮೊದಲರ್ಧದಲ್ಲಿ ಹಸಿವನ್ನು ಕಂಡಿದ್ದ ತರುಣರಲ್ಲಿ ಬೊಜ್ಜು ಹೆಚ್ಚಾಗಿತ್ತು! ಹಸಿದ ತಾಯಿಯ ಮಗ ದಪ್ಪಗಾಗುವುದೆಂದರೆ ಏನರ್ಥ?

ಆ ಒಗಟನ್ನು ಬಿಡಿಸಲು ಆಮ್‌ಸ್ಟರ್‌ಡ್ಯಾಮಿನ ವಿಲ್‌ಹೆಲ್ಮಿನಾ ಆಸ್ಪತ್ರೆಯ ಹೆರಿಗೆ ದಾಖಲೆಗಳು ನೆರವಾದವು. 1943ರ ನವೆಂಬರಿನಿಂದ 1947ರ ಫೆಬ್ರವರಿವರೆಗೆ ಅಲ್ಲಿ ಹುಟ್ಟಿದ 2414 ಮಕ್ಕಳನ್ನು ಸಂಶೋಧಕರು ಅಧ್ಯಯನಕ್ಕೆ ಆರಿಸಿಕೊಂಡರು. ಆ ಮಕ್ಕಳು ಆಗ ಐವತ್ತರ ಆಸುಪಾಸಿನ ಹೆಂಗಸರು, ಗಂಡಸರಾಗಿದ್ದರು. ಗರ್ಭದ ನಡುವಿನ ಅಥವಾ ಕೊನೆಯ ತಿಂಗಳುಗಳಲ್ಲಿ ಹಸಿವಿಗೆ ಸಿಕ್ಕವರ ರಕ್ತದಲ್ಲಿ ಊಟದ ನಂತರದ ಸಕ್ಕರೆ ಬೇಗ ಇಳಿಯುತ್ತಿರಲಿಲ್ಲ. ಇದು ಮಧುಮೇಹದ ಮುನ್ಸೂಚನೆ. ಗರ್ಭದ ಮೊದಲ ತಿಂಗಳುಗಳಲ್ಲಿ ಹಸಿವಿಗೆ ಸಿಕ್ಕವರಲ್ಲಿ ಹೃದ್ರೋಗ 8.8 ಶೇಕಡಾ ಇತ್ತು. ಹಸಿವಿಗೆ ಸಿಕ್ಕದವರಲ್ಲಿ ಅದು 3.2 ಶೇಕಡಾ ಮಾತ್ರ. ಈ ಸಂಶೋಧನೆಯಲ್ಲಿ ಟೆಸ್ಸಾ ರೋಸ್‌ಬೂಮ್ ಎಂಬ ಮಹಿಳೆ ಬಹುಕಾಲ ದುಡಿದಿದ್ದಾರೆ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮೊದಲ ತಿಂಗಳುಗಳಲ್ಲಿ ಹಸಿವನ್ನು ಕಂಡ ಮಕ್ಕಳು ಹುಟ್ಟುವಾಗ ಸಣ್ಣಗಿರಲಿಲ್ಲ. ಕ್ಷಾಮ ಮುಗಿದ ಮೇಲೆ ತಾಯಿ ಚೆನ್ನಾಗಿ ಉಂಡಿದ್ದರಿಂದ ಅವು ಸರಿಯಾದ ತೂಕದಲ್ಲೇ ಹುಟ್ಟಿದವು. ನೋಡಿದವರೆಲ್ಲ "ಮಗು ಗುಂಡಗಿದೆ" ಎಂದಿರಬೇಕು. ಆದರೂ ಐವತ್ತು ವರ್ಷಗಳ ನಂತರ ಹೃದಯ ಬೇರೆಯೇ ಮಾತು ಹೇಳಿತು. ಹೃದಯ, ಮೂತ್ರಪಿಂಡ, ರಕ್ತನಾಳಗಳ ಅಡಿಪಾಯ ಬೀಳುವುದು ಗರ್ಭದಲ್ಲೇ. ಅಡಿಪಾಯ ಹಾಕುವಾಗ ಸಿಮೆಂಟು ಕಡಿಮೆಯಾದರೆ, ಮೇಲೆ ಎಷ್ಟು ಚೆನ್ನಾಗಿ ಸುಣ್ಣ ಬಳಿದರೂ ಮನೆಯ ಬಲ ಅಷ್ಟೇ.

2008ರಲ್ಲಿ ಹಾಲೆಂಡಿನ ವಿಜ್ಞಾನಿಗಳು ಇನ್ನೂ ಒಳಗೆ ಇಣುಕಿ ನೋಡಿದರು. ಗರ್ಭ ಧರಿಸುವ ಹೊತ್ತಿನಲ್ಲೇ ತಾಯಿ ಹಸಿದಿದ್ದವರಲ್ಲಿ, ಬೆಳವಣಿಗೆಗೆ ಸಂಬಂಧಿಸಿದ ಒಂದು ವಂಶವಾಹಿಯ ಮೇಲಿನ ರಾಸಾಯನಿಕ ಗುರುತುಗಳು ಆರು ದಶಕಗಳ ನಂತರವೂ ಅವರ ಒಡಹುಟ್ಟಿದವರಿಗಿಂತ ಭಿನ್ನವಾಗಿದ್ದವು. ಪುಸ್ತಕದ ಅಕ್ಷರಗಳು ಅವೇ. ಆದರೆ ಯಾವ ಸಾಲಿಗೆ ಅಡಿಗೆರೆ ಎಳೆಯಬೇಕು, ಯಾವುದನ್ನು ಬಿಡಬೇಕು ಎಂಬ ಗುರುತು ಬದಲಾಗಿತ್ತು ಎನ್ನಬಹುದು.

ಇಂಗ್ಲೆಂಡಿನ ದಾಖಲೆ ಪುಸ್ತಕಗಳು

ಇದೇ ಸಮಯದಲ್ಲಿ ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಎಂಬ ವೈದ್ಯರು ಇನ್ನೊಂದು ಕಡೆಯಿಂದ ಇದೇ ಸತ್ಯದ ಹತ್ತಿರ ಬಂದಿದ್ದರು. ಹಾರ್ಟ್‌ಫರ್ಡ್‌ಷೈರ್ ಎಂಬ ಜಿಲ್ಲೆಯಲ್ಲಿ 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮಹಿಳೆಯ ಮುಂದಾಳತ್ವದಲ್ಲಿ ಸೂಲಗಿತ್ತಿಯರು, ಆರೋಗ್ಯ ಸಂದರ್ಶಕಿಯರು ಮನೆಮನೆಗೆ ಹೋಗಿ ಮಗುವಿನ ಜನನ ತೂಕವನ್ನೂ ಒಂದು ವರ್ಷದ ತೂಕವನ್ನೂ ಬರೆದಿಡುತ್ತಿದ್ದರು. ಆ ದಾಖಲೆ ಪುಸ್ತಕಗಳ ಸಹಾಯದಿಂದ ಬಾರ್ಕರ್ ಮತ್ತು ಸಂಗಡಿಗರು 1911ರಿಂದ 1930ರ ನಡುವೆ ಹುಟ್ಟಿದ 5654 ಗಂಡಸರ ಬದುಕನ್ನು ಹಿಂಬಾಲಿಸಿದರು. ಹುಟ್ಟುವಾಗ ಮತ್ತು ಒಂದು ವರ್ಷದಲ್ಲಿ ತೂಕ ಕಡಿಮೆ ಇದ್ದವರು ಹೃದ್ರೋಗದಿಂದ ಸಾಯುವುದು ಹೆಚ್ಚೆಂದು 1989ರಲ್ಲಿ ಪ್ರಕಟಿಸಿದರು.

ಇದಕ್ಕೆ 1992ರಲ್ಲಿ ಬಾರ್ಕರ್ ಮತ್ತು ನಿಕೋಲಸ್ ಹೇಲ್ಸ್ ಒಂದು ವಿವರಣೆ ಕೊಟ್ಟರು. ಗರ್ಭದಲ್ಲಿ ಆಹಾರ ಸಾಲದಿದ್ದಾಗ ಮಗು ಮಿತವ್ಯಯದಿಂದ ಬದುಕಲು ಕಲಿಯುತ್ತದೆ. ಸಿಕ್ಕಿದ್ದನ್ನು ಮೆದುಳಿಗೆ ಮೊದಲು ಕೊಟ್ಟು, ಉಳಿದ ಅಂಗಗಳಲ್ಲಿ ಉಳಿತಾಯ ಮಾಡುತ್ತದೆ. ಹೊರಗಿನ ಲೋಕದಲ್ಲೂ ಬರವೇ ಇದ್ದರೆ ಈ ಉಳಿತಾಯ ಅದನ್ನು ಕಾಪಾಡುತ್ತದೆ. ಹೊರಗೆ ಬಂದಾಗ ತಟ್ಟೆ ತುಂಬಾ ಊಟ ಸಿಕ್ಕರೆ ಅದೇ ಉಳಿತಾಯ ಬೊಜ್ಜಾಗಿ, ಸಕ್ಕರೆ ಕಾಯಿಲೆಯಾಗಿ ತಿರುಗಿ ಬೀಳುತ್ತದೆ. 1941ರಿಂದ 1944ರವರೆಗೆ ಮುತ್ತಿಗೆಗೆ ಒಳಗಾದ ಲೆನಿನ್‌ಗ್ರಾಡ್ ನಗರದಲ್ಲಿ ಗರ್ಭದಲ್ಲಿದ್ದವರನ್ನು ಪರೀಕ್ಷಿಸಿದಾಗ, ಹಾಲೆಂಡಿನವರಂತೆ ಸಕ್ಕರೆಯ ತೊಂದರೆ ಕಾಣಲಿಲ್ಲ. ಅಲ್ಲಿ ಮುತ್ತಿಗೆಯ ನಂತರವೂ ಬಹಳ ಕಾಲ ಊಟ ಮಿತವಾಗಿಯೇ ಇದ್ದುದು ಇದಕ್ಕೆ ಕಾರಣವಿರಬಹುದೆಂದು ಕೆಲವು ವಿದ್ವಾಂಸರು ಹೇಳುತ್ತಾರೆ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ

ಓದುಗರೇ, ಇದೆಲ್ಲ ದೂರದ ದೇಶಗಳ ಮಾತಾಯಿತು ಎನ್ನಬೇಡಿ. ಈ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮ ಮೈಸೂರಿನಲ್ಲೇ ಬರೆಯಲ್ಪಟ್ಟಿದೆ. ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡಲಾಗಿತ್ತು. ಬಾರ್ಕರ್ ಅವರ ತಂಡದ ಕ್ಯಾರೊಲಿನ್ ಫಾಲ್, ಮೈಸೂರಿನ ವೈದ್ಯರು ಮತ್ತು ಸಂಶೋಧಕರು ಸೇರಿ, ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆ ವಿಚಾರಿಸಿ ಆ ಆಸ್ಪತ್ರೆಯಲ್ಲಿ ಹುಟ್ಟಿದವರನ್ನು ಹುಡುಕಿದರು.

1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ 11 ಶೇಕಡಾ ಮಂದಿಗೆ ಹೃದ್ರೋಗವಿತ್ತು. ಮೂರು ಕಿಲೋ ನೂರು ಗ್ರಾಂಗಿಂತ ಹೆಚ್ಚಿದ್ದವರಲ್ಲಿ 3 ಶೇಕಡಾ ಮಾತ್ರ. ಮಗುವೂ ಸಣ್ಣಗಿದ್ದು, ತಾಯಿಯ ತೂಕವೂ ಕಡಿಮೆಯಿದ್ದ ಮನೆಗಳಲ್ಲಿ ರೋಗ ಎಲ್ಲಕ್ಕಿಂತ ಹೆಚ್ಚು ಕಂಡಿತು. ಅಲ್ಲಿ ಯುದ್ಧವಿರಲಿಲ್ಲ, ಸಾಗಾಟದ ನಿಷೇಧವಿರಲಿಲ್ಲ, ಹೆಪ್ಪುಗಟ್ಟಿದ ಕಾಲುವೆಯೂ ಇರಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ನಡೆದುಬಂದ ಮಾಮೂಲಿ ಅರೆಹೊಟ್ಟೆ ಇತ್ತು.

ಮುಂದಿನ ಅಧ್ಯಯನಗಳು ಇನ್ನೊಂದು ಪಕ್ಕವನ್ನೂ ತೋರಿಸಿದವು. ಮೈಸೂರಿನಲ್ಲಿ 1997-98ರಲ್ಲಿ ಗರ್ಭಿಣಿಯರಾಗಿದ್ದ ತಾಯಂದಿರನ್ನು, ಅವರ ಮಕ್ಕಳನ್ನು ಡಾ. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಹಿಂಬಾಲಿಸಿದರು. ಆ ತಾಯಂದಿರಲ್ಲಿ ಸುಮಾರು 6 ಶೇಕಡಾ ಮಂದಿಗೆ ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಯಿಲೆ ಕಂಡುಬಂತು. ಅಂಥ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವರ್ಷಕ್ಕೇ ಕೊಬ್ಬಿನ ಪ್ರಮಾಣ ಹೆಚ್ಚಾಗಿತ್ತು. ಅಂದರೆ ಹಸಿವು ಮಾತ್ರವಲ್ಲ, ಗಮನಕ್ಕೆ ಬಾರದ ಸಕ್ಕರೆಯೂ ಮಗುವಿಗೆ ದಾಟುತ್ತದೆ.

ಇತಿಹಾಸದ ದೃಷ್ಟಿಯಿಂದ ಇಲ್ಲಿ ಇನ್ನೊಂದು ಮಾತು ಹೇಳಬೇಕು. ಹಾಲೆಂಡಿನ ಚಳಿಗಾಲಕ್ಕೆ ಒಂದೇ ವರ್ಷ ಮೊದಲು, 1943ರಲ್ಲಿ, ಬಂಗಾಳದಲ್ಲಿ ಭೀಕರ ಕ್ಷಾಮ ಬಂದಿತ್ತು. ಸತ್ತವರ ಸಂಖ್ಯೆ 30 ಲಕ್ಷದವರೆಗೂ ಇರಬಹುದೆಂಬ ಅಂದಾಜಿದೆ. ಅಲ್ಲೂ ಲೆಕ್ಕವಿಲ್ಲದಷ್ಟು ಗರ್ಭಿಣಿಯರಿದ್ದರು. ಆದರೆ ಅಲ್ಲಿನ ಹೆರಿಗೆಗಳು ಹೆಚ್ಚಾಗಿ ಮನೆಯಲ್ಲೇ ಆದವು. ಮಗುವನ್ನು ತೂಗಿದವರಿಲ್ಲ, ಬರೆದಿಟ್ಟವರಿಲ್ಲ. ಬರೆದಿಟ್ಟ ನೋವಿಗೆ ಜಗತ್ತು ಕಿವಿಗೊಡುತ್ತದೆ, ಬರೆದಿಡದ ನೋವು ಮಣ್ಣಾಗುತ್ತದೆ. ನಮ್ಮ ತಾಯಂದಿರ ಕೈಯಲ್ಲಿರುವ ತಾಯಿ ಕಾರ್ಡನ್ನು ಬರೀ ಕಾಗದವೆಂದು ಮಕ್ಕಳ ಆಟಕ್ಕೆ ಕೊಡುವವರು ಇದನ್ನು ನೆನಪಿಡಬೇಕು.

ಮನಸ್ಸಿನ ಹಸಿವು

ಊಟದ ಮಾತಾಯಿತು, ಮನಸ್ಸಿನ ಮಾತೇನು? 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಮಂಜುಗಡ್ಡೆಯ ಮಳೆ ಸುರಿದು ವಿದ್ಯುತ್ ಕಂಬಗಳು ಮುರಿದುಬಿದ್ದವು. ಸುಮಾರು 30 ಲಕ್ಷ ಜನ ಕತ್ತಲಲ್ಲಿ, ಚಳಿಯಲ್ಲಿ ಉಳಿದರು. ಕೆಲವೆಡೆ ಐದು ವಾರಕ್ಕೂ ಹೆಚ್ಚು ಕಾಲ ವಿದ್ಯುತ್ ಬರಲಿಲ್ಲ. ಆಗ ಗರ್ಭಿಣಿಯರಾಗಿದ್ದವರ ಮಕ್ಕಳನ್ನು ಸುಝಾನ್ ಕಿಂಗ್ ಎಂಬ ಸಂಶೋಧಕಿ ವರ್ಷಗಟ್ಟಲೆ ಗಮನಿಸಿದರು. ತಾಯಿ ಹೆಚ್ಚು ಕಷ್ಟಕ್ಕೆ ಸಿಕ್ಕಷ್ಟೂ ಮಕ್ಕಳ ಭಾಷೆ ಮತ್ತು ಬುದ್ಧಿ ಪರೀಕ್ಷೆಯ ಅಂಕಗಳು ಕಡಿಮೆಯಿದ್ದುದು ಕಂಡುಬಂತು. ಒಂದು ವಿಪತ್ತು ಹೀಗೆ ಮಾಡಬಹುದಾದರೆ, ಒಂಬತ್ತು ತಿಂಗಳೂ ಬೈಗುಳ, ಹೊಡೆತ, ವರದಕ್ಷಿಣೆಯ ಚುಚ್ಚುಮಾತು, "ಗಂಡೇ ಆಗಬೇಕು" ಎಂಬ ಒತ್ತಡದಲ್ಲಿ ದಿನ ಕಳೆಯುವ ತಾಯಿಯ ಬಗ್ಗೆ ನಾವು ಯೋಚಿಸಬೇಡವೇ?

ತಪ್ಪು ಯಾರದು?

ಇಷ್ಟನ್ನು ಓದಿ ಯಾರೂ ತಾಯಿಯ ಕಡೆಗೆ ಬೆರಳು ತೋರಿಸಬಾರದು. ಹಾಲೆಂಡಿನ ಆ ತಾಯಂದಿರು ಮಾಡಿದ ತಪ್ಪೇನು? ಮುಷ್ಕರಕ್ಕೆ ಕರೆಕೊಟ್ಟವರು ಅವರಲ್ಲ, ಆಹಾರ ನಿಲ್ಲಿಸಿದವರೂ ಅವರಲ್ಲ. ಟೈರಿಲ್ಲದ ಸೈಕಲ್ ತಳ್ಳಿ ಮೈಲುಗಟ್ಟಲೆ ನಡೆದವರು ಅವರು. ಈ ಇಡೀ ಇತಿಹಾಸ ಹೇಳುವುದು ಒಂದೇ ಮಾತು. ಮಗುವಿನ ಪರಿಸರ ತಾಯಿ, ಆದರೆ ತಾಯಿಯ ಪರಿಸರ ನಾವು. ಅವಳ ತಟ್ಟೆಯಲ್ಲಿ ಏನಿದೆ ಎಂಬುದನ್ನು ಗಂಡ, ಅತ್ತೆ, ಮಾವ, ಮೊಹಲ್ಲಾ, ಸರ್ಕಾರ ಎಲ್ಲರೂ ಸೇರಿ ತೀರ್ಮಾನಿಸುತ್ತಾರೆ.

ಇದನ್ನು ಹಣೆಬರಹವೆಂದು ತಿಳಿಯುವುದೂ ತಪ್ಪು. ಹಸಿವಿನ ಚಳಿಗಾಲದ ಮಕ್ಕಳಲ್ಲಿ ಹೆಚ್ಚಿನವರು ಹೃದ್ರೋಗವಿಲ್ಲದೆಯೇ ಐವತ್ತು ದಾಟಿದರು. ಗರ್ಭದಲ್ಲಿ ಬಂದ ದೌರ್ಬಲ್ಯ ಅಪಾಯವನ್ನು ಹೆಚ್ಚಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಮುಂದಿನ ಊಟ, ವ್ಯಾಯಾಮ, ಚಿಕಿತ್ಸೆಗಳಿಂದ ಬಹಳಷ್ಟನ್ನು ಸರಿಪಡಿಸಬಹುದು.

ನಮ್ಮ ಮನೆಗಳಿಗೆ ಬಂದರೆ

ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ದಸ್ತರ್‌ಖಾನ್ ಮೊದಲು ಗಂಡಸರಿಗೆ, ಆಮೇಲೆ ಮಕ್ಕಳಿಗೆ, ಕೊನೆಗೆ ಹೆಂಗಸರಿಗೆ. ಮಾಂಸದ ತುಂಡುಗಳು ಮುಗಿದ ಮೇಲೆ ಉಳಿಯುವುದು ಸಾಲನ್‌ನ ನೀರು. ನನ್ನ ಅಮ್ಮಿ ನಾಲ್ಕು ಹೆರಿಗೆಗಳಲ್ಲೂ ಹೀಗೆಯೇ ಕೊನೆಯಲ್ಲಿ ಉಂಡವರು. "ಹೆಚ್ಚು ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ, ಸ್ವಲ್ಪ ಕಡಿಮೆ ತಿನ್ನು" ಎಂದು ಹಿರಿಯರು ಹೇಳಿದ್ದನ್ನು ಅವರು ಪಾಲಿಸಿದರು. ಹೇಳಿದವರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಹೆರಿಗೆಯಲ್ಲಿ ಸತ್ತ ಹೆಂಗಸರನ್ನು ಕಂಡ ಭಯವಿತ್ತು. ಆ ನಾಲ್ವರಲ್ಲಿ ನಾನು ಕೊನೆಯವಳು. ಹುಟ್ಟುವಾಗ ನನ್ನ ತೂಕ ಎಷ್ಟಿತ್ತೆಂದು ಕೇಳಿದರೆ ಅಮ್ಮಿ ಇಂದಿಗೂ, "ಒಂದು ಕೈಯಲ್ಲಿ ಹಿಡಿಯುವಷ್ಟಿದ್ದೆ" ಎನ್ನುತ್ತಾರೆ.

ನಮ್ಮ ಧರ್ಮದಲ್ಲಿ ಗರ್ಭಿಣಿಗೂ ಹಾಲುಣಿಸುವ ತಾಯಿಗೂ, ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ, ರಮ್ಜಾನಿನ ರೋಜಾ ಬಿಟ್ಟು ಮುಂದೆ ಪೂರೈಸುವ ರಿಯಾಯಿತಿ ಇದೆ. ಅಂಥ ಕಡ್ಡಾಯ ಇಬಾದತ್‌ನಲ್ಲೇ ಅವಳಿಗೆ ರಿಯಾಯಿತಿ ಇರುವಾಗ, ಮನೆಯ ಕೆಲಸದಲ್ಲಿ, ಊಟದ ಸಾಲಿನಲ್ಲಿ ನಾವೇಕೆ ಅವಳಿಗೆ ರಿಯಾಯಿತಿ ಕೊಡಬಾರದು?

ಮಾಡಬೇಕಾದದ್ದು ಬಹಳ ದೊಡ್ಡ ಕೆಲಸವೇನಲ್ಲ. ಗರ್ಭ ನಿಂತಿತೆಂದು ತಿಳಿದ ಕೂಡಲೇ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. ತೂಕ, ರಕ್ತ, ಸಕ್ಕರೆ ಪರೀಕ್ಷೆ ತಪ್ಪಿಸಬಾರದು. ಕಬ್ಬಿಣದ ಮಾತ್ರೆಯನ್ನು ತಲೆದಿಂಬಿನ ಕೆಳಗೆ ಕೂಡಿಡದೆ ನುಂಗಬೇಕು. ಫೋಲಿಕ್ ಆಮ್ಲದ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಗರ್ಭ ಧರಿಸುವ ಮೊದಲಿನಿಂದಲೇ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ದೋಷಗಳನ್ನು ಬಹುಮಟ್ಟಿಗೆ ತಡೆಯಬಹುದೆಂದು 1991ರಲ್ಲೇ ಸಾಬೀತಾಗಿದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಅಂಗನವಾಡಿಗಳು ಮಕ್ಕಳಿಗಷ್ಟೇ ಅಲ್ಲ, ಗರ್ಭಿಣಿಯರಿಗೂ ಇವೆ. 2017ರ ಅಕ್ಟೋಬರ್ 2ರಂದು ಕರ್ನಾಟಕ ಸರ್ಕಾರ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ ಕೊಡಲು ಆರಂಭಿಸಿತು. ಹೊರಗೆ ಹೋಗಿ ಉಣ್ಣುವುದೆಂದರೆ ಮರ್ಯಾದೆಗೆ ಕುಂದು ಎಂದು ಸೊಸೆಯನ್ನು ತಡೆಯುವ ಹಿರಿಯರು ಒಮ್ಮೆ ಹಾಲೆಂಡಿನ ತಾಯಂದಿರನ್ನು ನೆನೆಯಲಿ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಹೆಣ್ಣುಮಕ್ಕಳ ತಾಲೀಮ್. ಇಂದು ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿ ಕೂತಿರುವ ಹುಡುಗಿ ನಾಳೆಯ ತಾಯಿ. ಅವಳನ್ನು ಹದಿನಾರಕ್ಕೇ ಮದುವೆ ಮಾಡಿ ಕಳುಹಿಸಿದರೆ, ತಾನೇ ಬೆಳೆಯಬೇಕಾದ ವಯಸ್ಸಿನಲ್ಲಿ ಮಗುವನ್ನು ಬೆಳೆಸಬೇಕಾಗುತ್ತದೆ. ಬೆಳಿಗ್ಗೆ ತಿಂಡಿಯಿಲ್ಲದೆ ಶಾಲೆಗೆ ಬಂದು ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಬೀಳುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಆಗ ಬೀಳುವುದು ಅವಳೊಬ್ಬಳೇ ಅಲ್ಲ, ಮುಂದಿನ ಪೀಳಿಗೆಯೂ ಅವಳೊಂದಿಗೆ ಬೀಳುತ್ತದೆ.

ಆ ಹುಡುಗಿಯ ಪ್ರಶ್ನೆಗೆ ಮುಂದಿನ ವಾರ ತರಗತಿಗೆ ಹೋಗಿ ಉತ್ತರ ಹೇಳಿದೆ. "ಇಲ್ಲಮ್ಮಾ, ಅದೇ ವರ್ಷ ಮುಗಿಯಲಿಲ್ಲ. ಆ ಹಸಿವು ಐವತ್ತು, ಅರವತ್ತು ವರ್ಷ ಆ ಮಕ್ಕಳ ಮೈಯಲ್ಲೇ ಇತ್ತು" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಟೀಚರ್, ನನ್ನ ಬಾಜಿಗೆ ಈಗ ಆರು ತಿಂಗಳು. ಇವತ್ತೇ ಹೋಗಿ ಹೇಳ್ತೀನಿ, ಮೊದಲು ನೀನು ಊಟ ಮಾಡು ಅಂತ" ಎಂದಳು. ಇತಿಹಾಸದ ಪಾಠದಿಂದ ಇದಕ್ಕಿಂತ ಹೆಚ್ಚೇನು ಬೇಕು? ನಮ್ಮ ಸಂಸ್ಥೆಯ ಪ್ರತಿ ಮನೆಯಲ್ಲೂ ಈ ಮಾತು ಕೇಳಿಬರಲಿ ಎಂಬುದೇ ನನ್ನ ದುಆ.